ತಾಳಿಕೆ ಮತ್ತು ಕಾಯುವಿಕೆ: ಭಕ್ತಿಸಾಹಿತ್ಯದಲ್ಲಿ ವಿಳಂಬದ ಪ್ರಶ್ನೆ

1

ಮೊರೆಯಿಟ್ಟ ಭಕ್ತನಿಗೆ ದೈವವು ಕೂಡಲೇ ಓಗೊಡದಿರುವ ಸನ್ನಿವೇಶ ನಮ್ಮ ಭಕ್ತಿಸಾಹಿತ್ಯದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಶರಣೆಂದವರನ್ನು ಕೈಬಿಡೆನೆಂಬ ಅಭಯ ಒಂದು ಕಡೆ. ಆ ಅಭಯ ಫಲಿಸದೆ ಉರುಳಿಹೋಗುವ ದಿನಗಳು ಇನ್ನೊಂದು ಕಡೆ. ಈ ನಡುವಣ ತೆರಪನ್ನು ಕವಿಗಳು ಹೇಗೆ ತುಂಬಿದರು ಎಂಬ ಪ್ರಶ್ನೆಗೆ ವಿಮರ್ಶೆಯು ರೂಢಿಯಲ್ಲಿ ಕೊಡುತ್ತ ಬಂದಿರುವ ಉತ್ತರ 'ತಾಳ್ಮೆ' ಎಂಬುದು. ದೈವಕ್ಕೆ ತನ್ನದೇ ಆದ ಕಾಲವುಂಟು, ಭಕ್ತನು ಅದಕ್ಕಾಗಿ ಕಾದಿರಬೇಕು ಎಂಬ ತತ್ತ್ವದಲ್ಲಿ ಚರ್ಚೆ ಮುಗಿದುಬಿಡುತ್ತದೆ. ಈ ಉತ್ತರ ಸುಳ್ಳಲ್ಲ, ಆದರೆ ಅಪೂರ್ಣ. ತಾಳ್ಮೆಯನ್ನು ಯಾರು ಯಾರಿಗೆ ಬೋಧಿಸುತ್ತಿದ್ದಾರೆ, ವಿಳಂಬಕ್ಕೆ ಕಾರಣ ದೈವವೋ ದೈವದ ಬಾಗಿಲನ್ನು ಹಿಡಿದು ನಿಂತ ಮನುಷ್ಯರೋ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಈ ಸಾಹಿತ್ಯದ ಧೈರ್ಯವಾಗಲಿ ನೋವಾಗಲಿ ನಮಗೆ ದಕ್ಕಲಾರದು ಎಂಬುದು ಪ್ರಸ್ತುತ ಲೇಖನದ ನಿಲುವು.

ಈ ಪ್ರಶ್ನೆಯನ್ನು ಪುಣೆಯ ನೆಲೆಯಿಂದ ಎತ್ತಲು ಕಾರಣಗಳಿವೆ. ಆಳಂದಿಯಿಂದ ಜ್ಞಾನೇಶ್ವರರ ಪಾಲಖಿಯೂ ದೇಹುವಿನಿಂದ ತುಕಾರಾಮರ ಪಾಲಖಿಯೂ ಪ್ರತಿ ವರ್ಷ ಆಷಾಢ ಏಕಾದಶಿಗೆ ಮುನ್ನ ಈ ಊರನ್ನು ಹಾಯ್ದು ಪಂಢರಪುರಕ್ಕೆ ಸಾಗುತ್ತವೆ. ಅವು ತಲುಪುವ ವಿಠ್ಠಲನೇ ನಮ್ಮ ಬಹುಮಂದಿ ಹರಿದಾಸರ ಅಂಕಿತಗಳಲ್ಲಿ ನೆಲೆಸಿದವನು. ಆ ವಿಠ್ಠಲನನ್ನು ಕನ್ನಡದವನೆಂದು, ಕರ್ನಾಟಕದವನೆಂದು ಕರೆಯುವ ಅಭಂಗವೊಂದು ಜ್ಞಾನೇಶ್ವರರ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ಪುಣೆಯ ವಿದ್ವಾಂಸ ರಾ. ಚಿಂ. ಢೇರೆಯವರು 1984ರಲ್ಲಿ ಪ್ರಕಟಿಸಿದ 'ಶ್ರೀ ವಿಠ್ಠಲ: ಏಕ ಮಹಾಸಮನ್ವಯ' ಈ ಸಂಬಂಧದ ಆಳವನ್ನು ತೋರಿಸಿಕೊಟ್ಟ ಗ್ರಂಥ. ಇವೆಲ್ಲಕ್ಕೂ ಮಿಗಿಲಾಗಿ, ಕನ್ನಡ ಸಂತಸಾಹಿತ್ಯವನ್ನು ಕನ್ನಡೇತರ ಓದುಗರ ಮುಂದಿಟ್ಟ ಗುರುದೇವ ರಾ. ದ. ರಾನಡೆಯವರ (1886-1957) ವಿದ್ವತ್ ಜೀವನ ರೂಪುಗೊಂಡದ್ದು ಪುಣೆಯಲ್ಲಿ. ಹೊರನಾಡಿನ ಸಂಶೋಧಕರು ಹರಿದಾಸರನ್ನು ಇಂದಿಗೂ ಬಹುಮಟ್ಟಿಗೆ ಅವರ ಕಣ್ಣಿನಿಂದಲೇ ನೋಡುತ್ತಾರೆ. ಆದ್ದರಿಂದ ಅವರ ಓದನ್ನು ಪರಿಶೀಲಿಸುವುದು ಅನಿವಾರ್ಯ.

2

ಜಮಖಂಡಿಯಲ್ಲಿ ಹುಟ್ಟಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಫರ್ಗ್ಯುಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ ರಾನಡೆಯವರು ಮುಂದೆ ಅಲಹಾಬಾದ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಕನ್ನಡ ಮರಾಠಿಗಳೆರಡೂ ಅವರಿಗೆ ಮನೆಮಾತಿನಷ್ಟೇ ಸಹಜವಾಗಿದ್ದವು. ಮಹಾರಾಷ್ಟ್ರದ ಅನುಭಾವಿಗಳನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1933ರಲ್ಲಿ ಹೊರಬಂದಿತು. ಕನ್ನಡ ಸಾಹಿತ್ಯದಲ್ಲಿ ದೈವಪಥವನ್ನು ಕುರಿತ ಗ್ರಂಥ ಅವರ ನಿಧನಾನಂತರ 1960ರಲ್ಲಿ ಪ್ರಕಟವಾಯಿತು. ಎರಡರ ವಿಧಾನವೂ ಒಂದೇ ಬಗೆಯದು: ಕೃತಿಗಳನ್ನು ಕಾಲಾನುಕ್ರಮಕ್ಕಿಂತ ಹೆಚ್ಚಾಗಿ ಸಾಧನೆಯ ಘಟ್ಟಗಳಿಗೆ ಅನುಸಾರವಾಗಿ ನೋಡುವುದು. ವೈರಾಗ್ಯದ ಪ್ರೇರಣೆ, ನೈತಿಕ ಸಿದ್ಧತೆ, ಗುರುವಿನ ದೊರಕುವಿಕೆ, ಪಯಣ, ಕೊನೆಗೆ ಸಾಕ್ಷಾತ್ಕಾರ - ಹೀಗೆ ಮೆಟ್ಟಿಲುಗಳ ಮೇಲೆ ಮೆಟ್ಟಿಲು. ತುಕಾರಾಮರ ಆರ್ತ ಅಭಂಗಗಳನ್ನು ಅವರು 'ಆತ್ಮದ ಕತ್ತಲೆಯ ಇರುಳು' ಎಂಬ ಕ್ರೈಸ್ತ ಅನುಭಾವದ ಪರಿಕಲ್ಪನೆಯ ಬೆಳಕಿನಲ್ಲಿ ವಿವರಿಸಿದರು. ದೈವವು ಮರೆಯಾದಂತೆ ತೋರುವುದು ಸಾಧಕನ ಶುದ್ಧಿಗೆ ಅಗತ್ಯವಾದ ಒಂದು ಘಟ್ಟ. ಅದನ್ನು ದಾಟಿದವನಿಗೆ ಬೆಳಗು ನಿಶ್ಚಿತ.

ಈ ವಿಧಾನದ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ದೇಶಭಾಷೆಗಳ ಸಂತರನ್ನು ಯುರೋಪಿನ ಅನುಭಾವಿಗಳ ಸರಿಸಮಾನವಾಗಿ ಕೂರಿಸಿ ಮಾತನಾಡಿಸಿದ ಧೈರ್ಯ ಸಾಮಾನ್ಯವಾದುದಲ್ಲ. ಆದರೆ ಮೆಟ್ಟಿಲುಗಳ ಕಲ್ಪನೆಗೆ ಒಂದು ಬೆಲೆಯೂ ಉಂಟು. ವಿಳಂಬವು ಮೆಟ್ಟಿಲಾದೊಡನೆ ಅದರ ಅಂತ್ಯ ಮೊದಲೇ ತಿಳಿದುಬಿಡುತ್ತದೆ. ಕತ್ತಲೆಯಲ್ಲಿ ನಿಂತವನಿಗೆ ಬೆಳಗಾಗುವುದೆಂದು ಗೊತ್ತಿರುವುದಿಲ್ಲ. ಗೊತ್ತಿರುವುದು ಗ್ರಂಥ ಬರೆಯುವವನಿಗೆ ಮಾತ್ರ. ಜೊತೆಗೆ, ವಿಳಂಬದ ಹೊರಗಿನ ಕಾರಣಗಳು ಸಾಧಕನ ಒಳಜೀವನದಲ್ಲಿ ಕರಗಿಹೋಗುತ್ತವೆ. ಈ ಎರಡು ಮಿತಿಗಳನ್ನು ಗಮನದಲ್ಲಿರಿಸಿಕೊಂಡು ಕನ್ನಡದ ಪಠ್ಯಗಳತ್ತ ತಿರುಗಬಹುದು.

3

ಮೊದಲು ಶಬ್ದಗಳನ್ನು ನೋಡೋಣ. ಕನ್ನಡದಲ್ಲಿ 'ಕಾಯು' ಎಂಬ ಧಾತುವಿಗೆ ನಿರೀಕ್ಷಿಸು ಎಂಬ ಅರ್ಥವೂ ರಕ್ಷಿಸು ಎಂಬ ಅರ್ಥವೂ ಇವೆ. ಹೊಲ ಕಾಯುವವನು, ದನ ಕಾಯುವವನು, ಹಾದಿ ಕಾಯುವವನು - ಎಲ್ಲರ ಕ್ರಿಯೆಯೂ ಒಂದೇ ಪದದಲ್ಲಿ ಅಡಗಿದೆ. ಮರಾಠಿಯಲ್ಲಿ ನಿರೀಕ್ಷೆಗೆ ಹಾದಿಯನ್ನು ನೋಡುವುದೆಂಬರ್ಥದ 'ವಾಟ ಪಾಹಣೇ' ಎಂಬ ನುಡಿಯುಂಟು. ಕನ್ನಡಿಗನು ಹಾದಿಯನ್ನು ನೋಡುವುದರ ಜೊತೆಗೆ ಕಾಯುತ್ತಾನೆ ಕೂಡ. ಹೀಗಾಗಿ ಕನ್ನಡದ ಭಕ್ತನು 'ಕಾಯೋ' ಎಂದು ಮೊರೆಯಿಡುವಾಗ ತಾನು ಮಾಡುತ್ತಿರುವ ಕೆಲಸವನ್ನೇ ದೈವದಿಂದಲೂ ಕೇಳುತ್ತಿರುತ್ತಾನೆ: ನಾನು ನಿನ್ನನ್ನು ಕಾಯುತ್ತಿದ್ದೇನೆ, ನೀನು ನನ್ನನ್ನು ಕಾಯಿ. 'ತಾಳು' ಎಂಬ ಧಾತುವೂ ಹಾಗೆಯೇ. ಸಹಿಸು, ತಡೆದುಕೋ ಎಂಬ ಅರ್ಥದ ಜೊತೆಗೆ ಬಾಳಿಕೆ ಬರು, ಕೆಡದೆ ಉಳಿ ಎಂಬ ಅರ್ಥವೂ ಅದಕ್ಕುಂಟು. ಮನೆಯ ಪಾತ್ರೆಗೂ ನೇಯ್ದ ಬಟ್ಟೆಗೂ ನಾವು 'ತಾಳಿಕೆ ಬಾಳಿಕೆ' ಎಂಬ ಜೋಡುನುಡಿಯನ್ನು ಬಳಸುತ್ತೇವೆ. ತಾಳ್ಮೆಯೆಂದರೆ ಬರಿಯ ಸುಮ್ಮನಿರುವಿಕೆಯಲ್ಲ, ಕಾಲದ ಎದುರಿಗೆ ಕೆಡದಿರುವ ಗುಣ ಎಂಬ ಅರಿವು ಭಾಷೆಯಲ್ಲಿಯೇ ಇದೆ. ಮುಂದೆ ಕನಕದಾಸರು ಈ ಅರಿವನ್ನು ಕಾವ್ಯವಾಗಿಸಿದ್ದನ್ನು ಕಾಣಲಿದ್ದೇವೆ.

ಇಷ್ಟಾಗಿಯೂ ಕನ್ನಡ ಭಕ್ತಿಯ ಮೊದಲ ದೊಡ್ಡ ಧ್ವನಿ ಕಾಯುವಿಕೆಯ ಪರವಾಗಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರು ಫಲವನ್ನು ಮುಂದೂಡುವ ಧರ್ಮವನ್ನೇ ಸಂಶಯದಿಂದ ಕಂಡವರು. ನಾಳೆ ಬರುವುದನ್ನು ಇಂದೇ ಎದುರುಗೊಳ್ಳುವ ಬಸವಣ್ಣನವರ ದಿಟ್ಟತನ, ಕೈಲಾಸವನ್ನು ಕಾಯಕದಲ್ಲಿಯೇ ಕಂಡ ಶರಣರ ನಿಲುವು, ಸ್ವರ್ಗನರಕಗಳನ್ನು ಇಲ್ಲಿನ ಆಚಾರ ಅನಾಚಾರಗಳಿಗೆ ಇಳಿಸಿದ ವಿಚಾರ - ಇವುಗಳಲ್ಲಿ ಪುರೋಹಿತರು ಕೊಡುವ ಪರಲೋಕದ ವಾಯಿದೆಗೆ ಬೆಲೆಯಿಲ್ಲ. ಮರಣಾನಂತರದ ಸುಖದ ಆಸೆ ತೋರಿಸಿ ಈಗಿನ ಅವಮಾನವನ್ನು ಸಹಿಸಿಕೊಳ್ಳಲು ಹೇಳುವ ವ್ಯವಸ್ಥೆಯನ್ನು ಅವರು ಅರ್ಥಮಾಡಿಕೊಂಡಿದ್ದರು. ಅಕ್ಕಮಹಾದೇವಿಯ ವಚನಗಳಲ್ಲಿ ವಿರಹದ ಕಾಯುವಿಕೆ ಇದೆಯಾದರೂ ಅದು ವಿಧೇಯಳ ಕಾಯುವಿಕೆಯಲ್ಲ. ಕಂಡ ಕಂಡ ಹಕ್ಕಿಗಳನ್ನು ಕೇಳುತ್ತ ಹುಡುಕಿಕೊಂಡು ಹೊರಟವಳ ತವಕ. ಹರಿದಾಸರ ತಾಳ್ಮೆಯನ್ನು ಓದುವಾಗ ಅದಕ್ಕೂ ಹಿಂದೆ ಕನ್ನಡದಲ್ಲಿ ಇಂಥದೊಂದು ಅಸಹನೆಯ ಪರಂಪರೆ ಇತ್ತೆಂಬುದನ್ನು ಮರೆಯಲಾಗದು.

4

ಹರಿದಾಸರ ಪೈಕಿ ತಾಳ್ಮೆಯ ಮಾತು ಬಂದಾಗಲೆಲ್ಲ ಎರಡು ಹೆಸರುಗಳು ನೆನಪಾಗುತ್ತವೆ. ಸೈರಣೆಯನ್ನು ಎಲ್ಲ ತಪಸ್ಸುಗಳಿಗಿಂತ ಮೇಲೆಂದು ಹಾಡಿದ ವಾದಿರಾಜರು ಸೋದೆ ಮಠದ ಪೀಠಾಧಿಪತಿಗಳು. ತಲ್ಲಣಗೊಂಡ ಮನಸ್ಸಿಗೆ ಸಮಾಧಾನ ಹೇಳಿದ ಕನಕದಾಸರು ಕುರುಬ ಸಮುದಾಯದಲ್ಲಿ ಹುಟ್ಟಿದ ಕಾಗಿನೆಲೆಯ ಭಕ್ತರು. ಒಂದೇ ಉಪದೇಶ ಎರಡು ನೆಲೆಗಳಿಂದ ಬಂದಾಗ ಒಂದೇ ಅರ್ಥ ಕೊಡುವುದಿಲ್ಲ. ಮನ್ನಣೆಯುಳ್ಳವನ ಸೈರಣೆ ಒಂದು ಸದ್ಗುಣ. ಬಾಗಿಲ ಹೊರಗಿನವನ ಸೈರಣೆ ಬದುಕುಳಿಯುವ ದಾರಿ.

ಕನಕದಾಸರ ಆ ಪ್ರಸಿದ್ಧ ಕೀರ್ತನೆಯ ರಚನೆಯನ್ನು ಗಮನಿಸಬೇಕು. ಅದರಲ್ಲಿ ಮನಸ್ಸಿಗೆ ತೋರಿಸುವ ದೃಷ್ಟಾಂತಗಳು ಬೆಟ್ಟದ ತುದಿಯ ಮರ, ಅಡವಿಯ ಮೃಗಪಕ್ಷಿಗಳು, ಕಲ್ಲಿನೊಳಗೆ ಹುಟ್ಟಿದ ಕಪ್ಪೆ ಮೊದಲಾದವು. ಇವುಗಳಲ್ಲಿ ಯಾವುದೂ ಮುಂದೆಂದೋ ಈಡೇರಲಿರುವ ವಾಗ್ದಾನಕ್ಕೆ ಸಂಬಂಧಿಸಿದ್ದಲ್ಲ. ಎಲ್ಲವೂ ಈಗಾಗಲೇ ನೀರು ಕಂಡ, ಆಹಾರ ಕಂಡ ಜೀವಗಳು. ಅಂದರೆ ಕವಿಯು ಭವಿಷ್ಯವನ್ನು ಆಧಾರವಾಗಿ ಕೊಡುತ್ತಿಲ್ಲ. ಕಣ್ಣೆದುರಿನ ವರ್ತಮಾನವನ್ನು ಸಾಕ್ಷಿಗೆ ಕರೆಯುತ್ತಿದ್ದಾನೆ. ಅಲ್ಲಿನ 'ಸಲಹುವನು' ಎಂಬ ಕ್ರಿಯಾರೂಪವೂ ಇದಕ್ಕೆ ಒತ್ತಾಸೆಯಾಗಿದೆ. ಸೂರ್ಯನು ಮೂಡಣದಲ್ಲಿ ಹುಟ್ಟುವನು ಎನ್ನುವಾಗ ನಾವು ನಾಳೆಯ ಮಾತನ್ನಷ್ಟೇ ಆಡುವುದಿಲ್ಲ. ಕನ್ನಡದ ಭವಿಷ್ಯದ್ರೂಪವು ನಿತ್ಯದ ವಾಡಿಕೆಯನ್ನೂ ಹೇಳಬಲ್ಲದು. ಇಂಗ್ಲಿಷಿನ ಭವಿಷ್ಯದ್ರೂಪಕ್ಕೆ ಇಳಿಸಿದಾಗ ಕೀರ್ತನೆಯು ಮುಂದಿನ ಭರವಸೆಯಾಗಿ ಮಾತ್ರ ಉಳಿಯುತ್ತದೆ. ಕನ್ನಡದಲ್ಲಿ ಅದು ನಡೆಯುತ್ತಲೇ ಇರುವ ವ್ಯವಹಾರದ ಹೇಳಿಕೆ. ಅನುವಾದವನ್ನು ನೆಚ್ಚುವ ಹೊರನಾಡಿನ ಸಂಶೋಧಕರು ಈ ವ್ಯತ್ಯಾಸವನ್ನು ವಿಶೇಷವಾಗಿ ಲಕ್ಷಿಸಬೇಕು.

ಇದೇ ಕವಿಯ 'ರಾಮಧಾನ್ಯಚರಿತೆ' ವಿಳಂಬದ ಪ್ರಶ್ನೆಯನ್ನು ಇನ್ನೂ ನೇರವಾಗಿ ಎದುರಿಸುತ್ತದೆ. ಭಾಮಿನಿ ಷಟ್ಪದಿಯ ಈ ಪುಟ್ಟ ಕಾವ್ಯದಲ್ಲಿ ಲಂಕೆಯಿಂದ ಹಿಂದಿರುಗುವ ರಾಮನ ಎದುರಿಗೆ ಧಾನ್ಯಗಳ ಹಿರಿಮೆಯ ಪ್ರಶ್ನೆ ಬರುತ್ತದೆ. ಗೌತಮ ಮುನಿಯು ನರೆದಲೆಗವನ್ನು, ಅಂದರೆ ರಾಗಿಯನ್ನು ಹೊಗಳಿದಾಗ ಭತ್ತವು ಕೆರಳಿ, ಅದನ್ನು ಕೀಳುಜನರ ಆಹಾರವೆಂದು ಹಳಿಯುತ್ತದೆ. ರಾಗಿ ತಾನೂ ತಿರುಗಿ ಮಾತನಾಡುತ್ತದೆ. ಬಡವರನ್ನು ಕಡೆಗಣಿಸಿ ಉಳ್ಳವರನ್ನು ಓಲೈಸುವ ಭತ್ತದ ನಡತೆಯನ್ನು ಎತ್ತಿ ಆಡುತ್ತದೆ. ರಾಮನು ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಲು ಆಜ್ಞಾಪಿಸಿ ಅಯೋಧ್ಯೆಗೆ ತೆರಳುತ್ತಾನೆ. ಅವಧಿ ಮುಗಿದು ಹೊರತಂದಾಗ ಭತ್ತ ಸತ್ತ್ವಗುಂದಿರುತ್ತದೆ, ರಾಗಿ ಕೆಡದೆ ಉಳಿದಿರುತ್ತದೆ. ರಾಘವನ ಹೆಸರು ರಾಗಿಗೆ ಸಲ್ಲುತ್ತದೆ.

ಈ ಕಾವ್ಯವನ್ನು ಸಾಮಾಜಿಕ ಅನ್ಯೋಕ್ತಿಯೆಂದು ವಿಮರ್ಶಕರು ಸರಿಯಾಗಿಯೇ ಗುರುತಿಸಿದ್ದಾರೆ. ಅದರ ಕಾಲದ ವಿನ್ಯಾಸಕ್ಕೆ ದೊರೆತ ಗಮನ ಮಾತ್ರ ಕಡಿಮೆ. ರಾಮನ ವಿಳಂಬ ಇಲ್ಲಿ ಉಪೇಕ್ಷೆಯಲ್ಲ, ವಿಚಾರಣೆಯ ಒಂದು ಕ್ರಮ. ಸಭೆಯಲ್ಲಿ ಮಾತಿನಿಂದ ತೀರ್ಮಾನವಾಗಿದ್ದರೆ ಅದು ಹೊಗಳಿಕೆ ತೆಗಳಿಕೆಗಳ ಜಗಳವಾಗಿಯೇ ಉಳಿಯುತ್ತಿತ್ತು. ಕಾಲವೇ ಸಾಕ್ಷಿ ನುಡಿದಾಗ ವಾದಕ್ಕೆ ಎಡೆಯಿಲ್ಲ. ರಾಗಿಯನ್ನು ಹಗೇವುಗಳಲ್ಲಿ ತುಂಬಿಟ್ಟು ವರ್ಷಗಟ್ಟಲೆ ಉಳಿಸಿಕೊಂಡು ಬರಗಾಲವನ್ನು ದಾಟಿದ ರೈತರ ಅನುಭವ ಈ ಕಥೆಯ ಬೆನ್ನೆಲುಬು. 'ನರೆದಲೆಗ' ಎಂಬ ಹೆಸರಿನಲ್ಲಿಯೇ ನರೆತ ತಲೆ, ಮಾಗಿದ ವಯಸ್ಸು ಇದೆ. ಕೆಳಗೆ ನೂಕಲ್ಪಟ್ಟವರ ತಾಳ್ಮೆಯನ್ನು ದೌರ್ಬಲ್ಯವೆಂದು ಕಾಣುವ ಲೋಕಕ್ಕೆ ಕನಕದಾಸರು ಅದನ್ನು ತಾಳಿಕೆಯಾಗಿ, ಸತ್ತ್ವವಾಗಿ ತೋರಿಸಿದರು.

ಆದರೆ ಕಾವ್ಯ ಇನ್ನೊಂದು ಸತ್ಯವನ್ನೂ ಮುಚ್ಚಿಡುವುದಿಲ್ಲ. ಹಳಿದದ್ದು ಭತ್ತ, ಸೆರೆಗೆ ಹೋದದ್ದು ಎರಡೂ. ನ್ಯಾಯ ತಡವಾದಾಗ ನಿರಪರಾಧಿಯೂ ಕತ್ತಲಕೋಣೆಯ ಪಾಲಾಗುತ್ತಾನೆ. ಕೊನೆಗೆ ದೊರೆತ ಗೌರವವು ಆ ಆರು ತಿಂಗಳುಗಳನ್ನು ಅಳಿಸಿಹಾಕಲಾರದು. ಮೆಟ್ಟಿಲುಗಳ ಸಿದ್ಧಾಂತಕ್ಕೆ ಸಿಗದ ಅಂಶ ಇದೇ.

5

ಪುಣೆಗೆ ಸಮೀಪದ ದೇಹು ಗ್ರಾಮದಲ್ಲಿ ಹದಿನೇಳನೆಯ ಶತಮಾನದಲ್ಲಿ ನಡೆಯಿತೆಂದು ಹೇಳಲಾಗುವ ಘಟನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಸಂಪ್ರದಾಯದ ಪ್ರಕಾರ, ಶೂದ್ರನು ಅಭಂಗಗಳನ್ನು ರಚಿಸಿ ಧರ್ಮ ಹೇಳುವುದನ್ನು ವಾಘೋಲಿಯ ರಾಮೇಶ್ವರ ಭಟ್ಟನೆಂಬ ಪಂಡಿತ ಆಕ್ಷೇಪಿಸಿದನು. ತುಕಾರಾಮರು ತಮ್ಮ ಹಸ್ತಪ್ರತಿಗಳನ್ನು ಇಂದ್ರಾಯಣಿ ನದಿಯಲ್ಲಿ ಮುಳುಗಿಸಬೇಕಾಯಿತು. ಅವರು ದಂಡೆಯ ಬಂಡೆಯ ಮೇಲೆ ಅನ್ನನೀರು ಬಿಟ್ಟು ಹದಿಮೂರು ದಿನ ಮಲಗಿದರು. ಅನಂತರ ಪುಸ್ತಕಗಳು ಕೆಡದೆ ತೇಲಿಬಂದವು. ಆಕ್ಷೇಪಿಸಿದ ಭಟ್ಟನೇ ಮುಂದೆ ಶಿಷ್ಯನಾದನೆಂದೂ ಪರಂಪರೆ ಹೇಳುತ್ತದೆ.

ನೀರಿನಲ್ಲಿ ಮುಳುಗಿಯೂ ಕೆಡದ ಅಭಂಗ, ಸೆರೆಯಲ್ಲಿದ್ದೂ ಕೆಡದ ರಾಗಿ - ಎರಡು ಕಥೆಗಳ ಹೋಲಿಕೆ ಎದ್ದು ಕಾಣುತ್ತದೆ. ಎರಡರಲ್ಲಿಯೂ ತಾಳಿಕೆಯೇ ಪ್ರಮಾಣ. ಆದರೆ ಹದಿಮೂರು ದಿನಗಳ ಆ ಕತ್ತಲೆಯನ್ನು ಆತ್ಮಶುದ್ಧಿಯ ಘಟ್ಟವೆಂದಷ್ಟೇ ಕರೆದರೆ ಅದನ್ನು ತಂದೊಡ್ಡಿದ ಆಕ್ಷೇಪ ಕಣ್ಮರೆಯಾಗುತ್ತದೆ. ತುಕಾರಾಮರು ದೈವದೊಡನೆ ಜಗಳವಾಡಿದರು, ಸರಿ. ಅವರನ್ನು ಬಂಡೆಯ ಮೇಲೆ ಮಲಗಿಸಿದ್ದು ದೈವವಲ್ಲ. ಕುತೂಹಲದ ವಿಷಯವೆಂದರೆ, 'ಕತ್ತಲೆಯ ಇರುಳು' ಎಂಬ ಪರಿಕಲ್ಪನೆಯ ಮೂಲದಲ್ಲಿಯೂ ಇಂಥದೇ ಸಂಗತಿ ಇದೆ. ಸ್ಪೇನಿನ ಸಂತ ಯೋಹಾನನನ್ನು ಅವನ ಸನ್ಯಾಸಿ ಸಂಘದ ಸುಧಾರಣೆಯನ್ನು ವಿರೋಧಿಸಿದವರೇ 1577ರ ಕೊನೆಯಲ್ಲಿ ಹಿಡಿದು ಟೊಲೆಡೋ ನಗರದ ಮಠದಲ್ಲಿ ಕೂಡಿಹಾಕಿದ್ದರು. 1578ರಲ್ಲಿ ಅವನು ಅಲ್ಲಿಂದ ತಪ್ಪಿಸಿಕೊಂಡನು. ಅವನ ಇರುಳಿಗೂ ಗೋಡೆಗಳಿದ್ದವು, ಬೀಗವಿತ್ತು, ಬೀಗ ಹಾಕಿದ ಕೈಗಳಿದ್ದವು. ರೂಪಕವು ಗ್ರಂಥದಿಂದ ಗ್ರಂಥಕ್ಕೆ ಸಾಗುವಾಗ ಗೋಡೆಗಳನ್ನು ಹಿಂದೆ ಬಿಟ್ಟು ಕತ್ತಲೆಯನ್ನು ಮಾತ್ರ ಹೊತ್ತು ತಂದಿತು.

ಕನ್ನಡದ ಸ್ಮೃತಿಯಲ್ಲಿ ಈ ಗೋಡೆಗೆ ಉಡುಪಿಯ ಕನಕನ ಕಿಂಡಿಯೆಂಬ ಹೆಸರಿದೆ. ದರ್ಶನ ಸಿಗದೆ ಹಿಂಬದಿಯಲ್ಲಿ ನಿಂತು ಹಾಡಿದ ಕನಕನಿಗಾಗಿ ಕೃಷ್ಣನು ತಿರುಗಿ ನಿಂತನೆಂಬ ಐತಿಹ್ಯದ ಚಾರಿತ್ರಿಕತೆಯನ್ನು ಕುರಿತು ಚರ್ಚೆಗಳಿವೆ. ಐತಿಹ್ಯವು ತಾನಾಗಿ ಹೇಳುವ ಮಾತು ಮಾತ್ರ ಸ್ಪಷ್ಟ: ಕಾಯಿಸಿದವರು ಬಾಗಿಲವರು, ಕಾಯಲಾರದೆ ತಿರುಗಿದವನು ದೇವರು.

ಪಂಢರಪುರದಲ್ಲಿ ಈ ಪ್ರಶ್ನೆಗೆ ಐತಿಹ್ಯದ ಸಮಾಧಾನ ದೊರೆಯಲಿಲ್ಲ. ಹದಿನಾಲ್ಕನೆಯ ಶತಮಾನದ ಚೋಖಾಮೇಳ ಮಹಾರ ಜಾತಿಯವನಾದ್ದರಿಂದ ವಿಠ್ಠಲನ ಗುಡಿಯ ಹೊರಗೇ ಉಳಿದನು. ಮಂಗಳವೇಢೆಯಲ್ಲಿ ಗೋಡೆಯೊಂದು ಕುಸಿದು ಸತ್ತ ಅವನ ಅಸ್ಥಿಗಳು ಮಹಾದ್ವಾರದ ಎದುರು ಸಮಾಧಿಯಾದವು. ಈ ಮಂಗಳವೇಢೆಯೇ ಕಲಚುರಿಗಳ ನೆಲೆಯಾಗಿದ್ದ, ಬಸವಣ್ಣನವರ ಜೀವನಕಥೆಯಲ್ಲಿ ಬರುವ ಊರು ಎಂಬುದನ್ನು ಕನ್ನಡ ಓದುಗರು ನೆನೆಯಬೇಕು. ಗುಡಿಯ ಬಾಗಿಲು ದಲಿತರಿಗೆ ತೆರೆದದ್ದು 1947ರಲ್ಲಿ, ಸಾನೆ ಗುರೂಜಿಯವರು ಆ ವರ್ಷದ ಮೇ ತಿಂಗಳಲ್ಲಿ ಪಂಢರಪುರದಲ್ಲಿ ಉಪವಾಸ ಕುಳಿತ ಬಳಿಕ. ಸುಮಾರು ಆರುನೂರು ವರ್ಷಗಳ ಈ ವಿಳಂಬವನ್ನು 'ದೈವದ ಕಾಲ' ಎಂದು ಕರೆಯಲು ಯಾವ ಭಕ್ತನ ನಾಲಗೆಯೂ ಏಳಬಾರದು. ಅದು ಮನುಷ್ಯರ ಕಾಲ. ಅದನ್ನು ಮುಗಿಸಿದ್ದೂ ಮನುಷ್ಯರ ಅಸಹನೆಯೇ.

6

ಹಾಗಾದರೆ ದೈವದ ಕಾಲವನ್ನು ನಂಬುವ ಭಾವವೇ ಸುಳ್ಳೆಂದು ತೀರ್ಮಾನಿಸಬೇಕೇ? ಪಠ್ಯಗಳು ಹಾಗೆ ಹೇಳುವುದಿಲ್ಲ. ಅವು ಆ ನಂಬಿಕೆಯನ್ನು ಎರಡು ಬಗೆಯಲ್ಲಿ ತಿದ್ದುತ್ತವೆ.

ಮೊದಲನೆಯದು ಪುಂಡಲೀಕನ ಕಥೆ. ತಂದೆತಾಯಿಗಳ ಸೇವೆಯಲ್ಲಿದ್ದ ಅವನು ಬಾಗಿಲಿಗೆ ಬಂದ ದೇವರತ್ತ ಇಟ್ಟಿಗೆಯೊಂದನ್ನು ಎಸೆದು, ಅದರ ಮೇಲೆ ನಿಂತು ಕಾಯಲು ಹೇಳಿದನು. ಟೊಂಕದ ಮೇಲೆ ಕೈಯಿಟ್ಟ ವಿಠ್ಠಲ ಇಂದಿಗೂ ನಿಂತೇ ಇದ್ದಾನೆ. ಕಾಯುವ ಭಾರ ಭಕ್ತನದು ಮಾತ್ರವೆಂಬ ತಿಳಿವಳಿಕೆಯನ್ನು ಈ ಮೂರ್ತಿ ತಲೆಕೆಳಗಾಗಿಸುತ್ತದೆ. ದೈವವನ್ನು ಕಾಯಿಸಿದ ಕೆಲಸವೂ ಯಜ್ಞಯಾಗವಲ್ಲ, ಮುದುಕರ ಕಾಲೊತ್ತುವ ಸೇವೆ. ಹರಿದಾಸರು ತಮ್ಮ ಅಂಕಿತಗಳಲ್ಲಿ ವಿಠ್ಠಲನನ್ನು ಇರಿಸಿಕೊಂಡಾಗ ಕಾಯುತ್ತಿರುವ ದೈವವೊಂದನ್ನು ಪ್ರತಿ ಹಾಡಿನ ಕೊನೆಯಲ್ಲಿ ನಿಲ್ಲಿಸಿದರು. ಹಾಡಿನುದ್ದಕ್ಕೂ ಭಕ್ತ ದೂರುತ್ತಾನೆ, ಸಾಲಗಾರನನ್ನು ಕೇಳುವಂತೆ ಕೇಳುತ್ತಾನೆ. ಮುಕ್ತಾಯದಲ್ಲಿ ಇಟ್ಟಿಗೆಯ ಮೇಲಿನವನ ಹೆಸರು ಬರುತ್ತದೆ. ದೂರು ಮತ್ತು ನಂಬಿಕೆ ಇಲ್ಲಿ ಒಂದಕ್ಕೊಂದು ವಿರುದ್ಧವಲ್ಲ. ಇಲ್ಲದವನನ್ನು ಯಾರೂ ದೂರುವುದಿಲ್ಲ.

ಎರಡನೆಯದು ರಾಯಚೂರು ಸೀಮೆಯ ದಾಸಪರಂಪರೆಯ ಐತಿಹ್ಯ. ವಿಜಯದಾಸರನ್ನು ಕಡೆಗಣಿಸಿದ ಮಾನವಿಯ ಪಂಡಿತ ಶ್ರೀನಿವಾಸಾಚಾರ್ಯರು ತೀವ್ರ ವ್ಯಾಧಿಗೆ ಒಳಗಾದರು. ವಿಜಯದಾಸರ ಅಪ್ಪಣೆಯಂತೆ ಅವರ ಶಿಷ್ಯ ಗೋಪಾಲದಾಸರು ತಮ್ಮ ಆಯುಸ್ಸಿನ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರು. ಹೀಗೆ ಬದುಕಿದವರೇ ಮುಂದೆ ಜಗನ್ನಾಥದಾಸರಾಗಿ 'ಹರಿಕಥಾಮೃತಸಾರ'ವನ್ನು ರಚಿಸಿದರು. ಐತಿಹ್ಯವನ್ನು ಚರಿತ್ರೆಯೆಂದು ಓದಬೇಕಾಗಿಲ್ಲ. ಅದರ ಅರ್ಥವಂತಿಕೆ ಬೇರೆಡೆ ಇದೆ. ಸಾವಿನ ಅಂಚಿನಲ್ಲಿದ್ದವನಿಗೆ ಇಲ್ಲಿ ಯಾರೂ ತಾಳ್ಮೆಯನ್ನು ಉಪದೇಶಿಸಲಿಲ್ಲ. ಒಬ್ಬನು ತನ್ನ ಕಾಲವನ್ನೇ ತೆಗೆದು ಕೊಟ್ಟನು. ದೈವದ ಕಾಲವೆಂಬುದು ಬಂದು ಮುಟ್ಟುವುದಾದರೆ ಹೀಗೆ, ಇನ್ನೊಬ್ಬ ಮನುಷ್ಯನ ಕೈಯಿಂದ ಬಂದು ಮುಟ್ಟುತ್ತದೆ ಎಂಬ ತಿಳಿವು ಈ ಕಥೆಯಲ್ಲಿದೆ.

ಈ ವಿವೇಚನೆಯಿಂದ ರಾನಡೆಯವರ ಸಾಧನೆ ಕಿರಿದಾಗುವುದಿಲ್ಲ. ಅವರು ತೆರೆದ ಹಾದಿಯಲ್ಲಿ ನಡೆದೇ ನಾವು ಇಲ್ಲಿಗೆ ಬಂದಿದ್ದೇವೆ. ಒಳಗಿನ ಕತ್ತಲೆಯನ್ನು ಅವರು ನಿಷ್ಠೆಯಿಂದ ಓದಿದರು; ಅದರ ಸುತ್ತಣ ಗೋಡೆಯನ್ನು ಓದುವ ಕೆಲಸ ನಮಗೆ ಉಳಿದಿದೆ. ಮುಂದಿನ ಸಂಶೋಧಕರು ಕೀರ್ತನೆಗಳನ್ನು ವಿಷಯಾನುಸಾರ ವಿಂಗಡಿಸುವಾಗ 'ತಾಳ್ಮೆ' ಎಂಬ ಒಂದೇ ಶೀರ್ಷಿಕೆಯ ಕೆಳಗೆ ವಾದಿರಾಜರನ್ನೂ ಕನಕದಾಸರನ್ನೂ ಒಟ್ಟಿಗೆ ಸೇರಿಸುವ ಮೊದಲು, ಹಾಡಿದವನು ಬಾಗಿಲಿನ ಯಾವ ಕಡೆ ನಿಂತಿದ್ದನೆಂಬುದನ್ನು ಗುರುತಿಸಿಕೊಳ್ಳುವುದು ಅವಶ್ಯ. ತಾಳು ಎಂದು ತನಗೆ ತಾನೇ ಹೇಳಿಕೊಳ್ಳುವ ಹಕ್ಕು ಕಾಯುತ್ತಿರುವವನಿಗೆ ಉಂಟು. ಕನಕದಾಸರ ಕೀರ್ತನೆ ಪರರಿಗೆ ಮಾಡಿದ ಉಪದೇಶವಾಗದೆ ತನ್ನ ಮನಸ್ಸಿಗೇ ಆಡಿದ ಮಾತಾಗಿರುವುದು ಆಕಸ್ಮಿಕವಲ್ಲ.